ಅಂದಾನಪ್ಪನ ಐರಿಶ್ ಜಿಗಿತ

ಅಂದಾನಪ್ಪನ ಕಾಲ್ಬೆರಳುಗಳು ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದದ್ದೇ ಅಷ್ಟೂ ಫಜೀತಿಗೆ ಕಾರಣ. ಲೋಕದಲ್ಲಿ ಎಲ್ಲರ ಕಾಲ್ಬೆರಳೂ ಮುಂದಕ್ಕೇ ನೋಡುತ್ತವೆ, ಅದಕ್ಕಾಗಿ ಯಾರೂ ಯಾರನ್ನೂ ಬೈಯುವುದಿಲ್ಲ. ಆದರೆ ಐರಿಶ್ ನೃತ್ಯದಲ್ಲಿ ಅವು ಹೊರಕ್ಕೆ ನೋಡಬೇಕು.

ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರ್ ಅಂದಾನಪ್ಪನಿಗೂ ಐರ್ಲೆಂಡಿಗೂ ನಂಟು ಬೆಳೆದದ್ದು ಹೆಂಡತಿ ಮಹೇಶ್ವರಿಯ ಮೊಣಕಾಲಿನಿಂದ. ಆ ದೇಶದಲ್ಲಿ ಕೆಲವು ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದ ರೋಹಿಣಿ, ಪೇಟೆಯ ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಅಲ್ಲಿನ ಕುಣಿತದ ಕ್ಲಾಸು ತೆರೆದಿದ್ದಳು. ಮೊಣಕಾಲು ಹಿಡಿದುಕೊಳ್ಳುತ್ತದೆಂದು ವ್ಯಾಯಾಮಕ್ಕೆ ಸೇರಿದ ಮಹೇಶ್ವರಿಗೆ ಅದರ ಹುಚ್ಚೇ ಹಿಡಿಯಿತು. ರೊಟ್ಟಿ ಬಡಿಯುತ್ತ ನಿಂತರೂ ಪಾದ ತಾಳ ಹಾಕುತ್ತಿತ್ತು. ದಿನಾ ಸಂಜೆ ಅವಳನ್ನು ಕರೆತರಲು ಹೋಗಿ, ಬಾಗಿಲಲ್ಲಿ ಕೂತು ನೋಡಿ ನೋಡಿ, ಅಂದಾನಪ್ಪನಿಗೆ ಹೆಜ್ಜೆಗಳೆಲ್ಲ ದಾರಿಯ ಸ್ಟಾಪುಗಳ ಹೆಸರಿನಂತೆ ಬಾಯಿಪಾಠವಾಗಿದ್ದವು. ಕ್ಲಾಸಿನ ಮೊದಲ ಪ್ರದರ್ಶನಕ್ಕೆ ವಾರವಿರುವಾಗ ಮಹೇಶ್ವರಿಯ ಜೋಡಿಯಾಗಿದ್ದ ಜ್ಯೋತಿ ಕಾಲು ಉಳುಕಿಸಿಕೊಂಡು ಕೂತಳು. ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು.

ಪ್ರದರ್ಶನದ ಹಿಂದಿನ ಸಂಜೆ ರೋಹಿಣಿ ಅವನನ್ನು ಪಕ್ಕಕ್ಕೆ ಕರೆದಳು.

"ಅಂದಾನಪ್ಪಣ್ಣ, ಹೆಜ್ಜೆ ಒಂದೂ ತಪ್ಪಿಲ್ಲ. ಆದ್ರೆ ನೀವು ಹಾರೋದು ಲಾರಿಯಿಂದ ಅಕ್ಕಿ ಮೂಟೆ ಇಳಿದ ಹಾಗಿದೆ. ಪಾದ ಎರಡೂ ಹೊರಗೆ ತೆರೆದಿರಬೇಕು, ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ ಆದಾಗ ಮುಳ್ಳು ಇರ್ತದಲ್ಲ, ಹಾಗೆ. ಅದೂ ಪಾದ ತಿರುಚಿ ಅಲ್ಲ, ಸೊಂಟದ ಕೀಲಿನಿಂದ. ಕೈ ಮೈಗೆ ಅಂಟಿರಬೇಕು. ನಾಳೆ ಸಂಜೆಯೊಳಗೆ ಇದು ಸರಿಯಾಗದಿದ್ರೆ ನಿಮ್ಮಿಬ್ಬರ ಡಾನ್ಸ್ ಕೈಬಿಡಬೇಕಾಗ್ತದೆ."

ಬನವಾಸಿಯ ತವರಿನಿಂದ ಅಣ್ಣ, ಅತ್ತಿಗೆ, ಅವರ ಬೀಗರನ್ನೆಲ್ಲ ಮಹೇಶ್ವರಿ ಕರೆದಾಗಿತ್ತು. ಮನೆಗೆ ಬಂದವಳು ಒಂದು ಮಾತೂ ಆಡದೆ ಊಟ ಬಡಿಸಿದಳು. ಬೈದಿದ್ದರೆ ಅಂದಾನಪ್ಪನಿಗೆ ನಿದ್ದೆಯಾದರೂ ಬರುತ್ತಿತ್ತು.

ಬೆಳಗ್ಗೆ ಅವಳು ಹಸಿರು ಪೋಷಾಕು ತರಲು ದರ್ಜಿಯ ಮನೆಗೆ ಹೋದದ್ದೇ ತಡ, ಅಂದಾನಪ್ಪ ಹಿತ್ತಲಿಗಿಳಿದ. ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಗಳನ್ನು ಎತ್ತಿ ಇಳಿಸಿದ. ಆಮೇಲೆ ಮಂಡಿ ಬಗ್ಗಿಸಿ, ನೆಲ ಒದ್ದು, ಒಂದು ಕಾಲು ಮುಂದೆ ಚಾಚಿ, ಇನ್ನೊಂದರ ಹಿಮ್ಮಡಿ ಹಿಂದೆ ಕುಂಡಿಗೆ ಬಡಿಯುವಂತೆ ಜಿಗಿದ. ಬಡಿಯಲಿಲ್ಲ. ಮತ್ತೆ ಜಿಗಿದ. ಕೈಗಳು ಮಾತ್ರ ಮೊಳೆ ಹೊಡೆದಂತೆ ತೊಡೆಗೆ ಅಂಟಿದ್ದವು, ಮುಖ ಪಾಸ್‌ಪೋರ್ಟ್ ಫೋಟೋದಂತೆ ನೆಟ್ಟಗಿತ್ತು.

ಬೇಲಿಯಾಚೆ ಕರುವಿಗೆ ಹುಲ್ಲು ಹಾಕುತ್ತಿದ್ದ ಪಕ್ಕದ ಮನೆಯ ರಾಜೀವಿ ಕೆಲಸ ನಿಲ್ಲಿಸಿ ನೋಡಿದಳು. ಆ ಕೇರಿಯಲ್ಲಿ ಯಾರಿಗೆ ಸೀನು ಬಂದರೂ ಕಷಾಯ ಹಿಡಿದು ಮೊದಲು ಹಾಜರಾಗುವವಳು ಅವಳೇ.

"ಎಂತ ಆಯ್ತು ಮಾರಾಯ್ರೆ? ಕಾಲಿಗೆ ಉಂಬಳ ಹತ್ತಿ ರಕ್ತ ಹೀರ್ತಾ ಇದ್ಯಾ?"

"ಇಲ್ರಿ ಅಕ್ಕಾರ. ಡಾನ್ಸ್ ಮಾಡಾಕತ್ತೇನ್ರಿ."

ರಾಜೀವಿ ಇನ್ನಷ್ಟು ಹೊತ್ತು ನೋಡಿದಳು. "ಕೈ ಆಡೂದಿಲ್ಲ, ಕಣ್ಣು ಆಡೂದಿಲ್ಲ, ಮುಖದಲ್ಲಿ ಒಂದು ನಗು ಇಲ್ಲ. ಇದೆಂತ ಡಾನ್ಸು?"

"ಐರ್ಲೆಂಡಿಂದ್ರಿ."

"ನಮ್ಮ ದೊಡ್ಡಪ್ಪಂಗೂ ಹೀಂಗೇ ಆಗಿತ್ತು," ಎಂದು ರಾಜೀವಿ ದನಿ ತಗ್ಗಿಸಿದಳು. "ಕೈ ಸೆಟೆದುಹೋಗಿತ್ತು. ಅವನೂ ಎಂತೆಂತದೋ ದೇಶದ ಹೆಸ್ರು ಹೇಳ್ತಿದ್ದ. ವಾತ ಇದು. ನೀವು ಕೂತ್ಕಳಿ, ನಾ ಬರ್ತೆ."

ಬೇಡ ಎನ್ನುವಷ್ಟರಲ್ಲಿ ಅವಳು ಬಿಸಿ ಮಾಡಿದ ಮುರುಗಲು ಬೀಜದ ತುಪ್ಪದ ಬಟ್ಟಲಿನೊಂದಿಗೆ ಬೇಲಿ ದಾಟಿ ಬಂದು, ಮಂಡಿಯಿಂದ ಅಂಗಾಲಿನವರೆಗೆ ತಿಕ್ಕಿಯಾಗಿತ್ತು. ಅಂದಾನಪ್ಪನಿಗೆ ಮಧ್ಯಾಹ್ನದ ಡ್ಯೂಟಿಯ ಹೊತ್ತಾಯಿತು. ಜಿಡ್ಡು ಕಾಲನ್ನೇ ಚಪ್ಪಲಿಗೆ ತೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಹತ್ತೂ ಹತ್ತರ ಮುಳ್ಳಿನಂತೆ ಪಾದ ತೆರೆದೇ ನಡೆದ. ಪಾಠ ಮರೆಯಬಾರದಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ಮಂಜ ಕಾಯುತ್ತಿದ್ದ. ರಾಜೀವಿ ಮಂಜನ ಹೆಂಡತಿಗೆ, ಹೆಂಡತಿ ಮಂಜನಿಗೆ ಫೋನ್ ಮಾಡಿ ಆಗಿತ್ತು. ಅಂದಾನಪ್ಪ ಬರುವ ನಡಿಗೆ ನೋಡಿದ ಮಂಜನಿಗೆ ಬೇರೆಯದೇ ಅನುಮಾನ ಬಂತು.

"ಅಂದಾನಣ್ಣ, ವಾತ ಅಂದ್ರು. ನಂಗೆ ನೋಡಿದ್ರೆ ಮೂಲವ್ಯಾಧಿ ಹಂಗೆ ಕಾಣ್ತದೆ. ನಾಚ್ಕಬೇಡ, ನಂಗೂ ಆಗಿತ್ತು."

"ಡಾನ್ಸಪ್ಪಾ ಅದು."

"ಆಯ್ತು ಬಿಡು, ಡಾನ್ಸೇ," ಎಂದು ಮಂಜ ಕರುಣೆಯಿಂದ ಬಸ್ ಚಾಲೂ ಮಾಡಿದ.

ಬಸ್ಸು ಊರು ದಾಟಿದ ಮೇಲೆ ಅಂದಾನಪ್ಪನಿಗೆ ಒಂದು ಉಪಾಯ ಹೊಳೆಯಿತು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಕೈ ಮೈಗಂಟಿಸಿ, ಪಾದ ತೆರೆದು ನಿಲ್ಲುವುದಾದರೆ ವೇದಿಕೆ ಯಾವ ಲೆಕ್ಕ? ಟಿಕೆಟ್ ಕೊಟ್ಟು ಮುಗಿಸಿ ನಡುದಾರಿಯಲ್ಲಿ ಹಾಗೇ ನಿಂತ. ಸೊಂಟದ ಕೀಲು ಬಾಗಿಲಿನ ತಿರುಗಣಿಯಂತೆ ತಿರುಗಿದ್ದು ಮೊದಲ ಸಲ ಗೊತ್ತಾಯಿತು. ಖುಷಿಯಾಯಿತು. ಹುಲಗೋಳದಲ್ಲಿ ಹೊನ್ನಿ ಎಂಬ ಮುದುಕಿ ಅನಾನಸ್ ಬುಟ್ಟಿಯೊಂದಿಗೆ ಹತ್ತಿ, ಬುಟ್ಟಿಯನ್ನು ಅವನ ಹಿಂದೆಯೇ ಇಟ್ಟು ಕೂತಳು. ಭೈರುಂಬೆಯ ತಿರುವಿನಲ್ಲಿ ಎಮ್ಮೆಯೊಂದು ರಸ್ತೆಗೆ ಬಂತು. ಮಂಜ ಬ್ರೇಕ್ ಹಾಕಿದ. ತುಪ್ಪದ ಅಂಗಾಲು ಚಪ್ಪಲಿಯೊಳಗೆ ಜಾರಿತು. ಅಂದಾನಪ್ಪ ಅನಾನಸ್ ಬುಟ್ಟಿಯ ಮೇಲೆ ಕೂತ.

ಕೂತದ್ದಕ್ಕಿಂತ ಬೇಗ ಎದ್ದ. ಎದ್ದ ಅನ್ನುವುದಕ್ಕಿಂತ ಹಾರಿದ. ಒಂದು ಕಾಲು ಮುಂದೆ ಚಾಚಿತು, ಇನ್ನೊಂದರ ಹಿಮ್ಮಡಿ ಹಿಂದೆ ಸರಿಯಾಗಿ ಬಡಿಯಿತು, ತಲೆ, ಮೇಲೆ ಸಾಮಾನು ಇಡುವ ಕಂಬಿಗೆ ಬಡಿದು ಟಣ್ಣೆಂದಿತು.

"ಬಂತು ನೋಡ್ರಿ," ಅಂದ ಅಂದಾನಪ್ಪ, ನೆತ್ತಿ ಉಜ್ಜಿಕೊಳ್ಳುತ್ತ, ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಹಿಮ್ಮಡಿ ಬಡೀತು. ಕಡೀಗೂ ಬಂತು."

ಚಿಲ್ಲರೆ ಇಲ್ಲ ಎಂದವರೆಲ್ಲ ಸದ್ದಿಲ್ಲದೆ ಚಿಲ್ಲರೆ ಹುಡುಕಿ ಕೊಟ್ಟರು. ಹೊನ್ನಿ ಬುಟ್ಟಿ ನೋಡಲಿಲ್ಲ, ಅವನ ಕಣ್ಣುರೆಪ್ಪೆ ಬಿಡಿಸಿ ನೋಡಿದಳು.

"ವಾತ ತಲಿಗೇರ್ತು ತಮಾ," ಎಂದಳು.

ಯಲ್ಲಾಪುರಕ್ಕೆ ಬರುವಷ್ಟರಲ್ಲಿ ಯಾರೋ ಫೋನಿನಲ್ಲಿ ಅಲ್ಲಿನ ಬಸ್‌ಸ್ಟ್ಯಾಂಡ್ ಕಂಟ್ರೋಲರ್ ವಿಶ್ವೇಶ್ವರರಿಗೆ ವಿಷಯ ಮುಟ್ಟಿಸಿದ್ದರು. ಅವರು ಅಂದಾನಪ್ಪನನ್ನು ಎದುರು ನಿಲ್ಲಿಸಿಕೊಂಡು, "ಪಾದ ಜೋಡಿಸಿ ನಿಲ್ರಿ," ಎಂದರು. ಬೆಳಗಿನಿಂದ ತೆರೆದ ಪಾದ ಥಟ್ಟನೆ ಜೋಡಿಯಾಗಲಿಲ್ಲ.

"ಸೊಂಟದಿಂದ ಬರಬೇಕ್ರಿ ಸಾಹೇಬ್ರ, ಪಾದದಿಂದ ಅಲ್ಲ," ಎಂದು ಅಂದಾನಪ್ಪ ವಿವರಿಸಿದ.

ಕಂಟ್ರೋಲರ್ ಹೆಚ್ಚೇನೂ ಕೇಳದೆ ಅವನ ಚೀಲವನ್ನು ಬೇರೊಬ್ಬ ಕಂಡಕ್ಟರನಿಗೆ ಕೊಡಿಸಿದರು. ಅದೇ ಬಸ್ಸಿನ ಕೊನೆಯ ಸೀಟಿನಲ್ಲಿ ಅವನನ್ನು ಉದ್ದಕ್ಕೆ ಮಲಗಿಸಲಾಯಿತು. ಮರಳಿ ಹೊರಡುವ ಮುಂಚೆ ಹೊನ್ನಿ ತನ್ನ ಟವೆಲ್ಲಿನಿಂದ ಅವನ ಮಂಡಿಗಳೆರಡನ್ನೂ ಸೇರಿಸಿ ಬಿಗಿದಳು. "ಸಡ್ಲ ಬಿಟ್ರೆ ವಾತ ಹರಡ್ತದೆ ತಮಾ," ಎಂದಳು. ಬಸ್ಸು ಶಿರಸಿಯ ಕಡೆ ಓಡಿದಂತೆಲ್ಲ ಅಷ್ಟು ಕಷ್ಟದಿಂದ ತೆರೆದ ಸೊಂಟದ ಕೀಲು ಮುಚ್ಚಿಕೊಳ್ಳುತ್ತಿರುವುದು ಅಂದಾನಪ್ಪನಿಗೆ ಗೊತ್ತಾಗುತ್ತಿತ್ತು.

ಸಂಜೆ ಶಿರಸಿಯಲ್ಲಿ ಮಂಜ ಆಸ್ಪತ್ರೆಗೆ ಆಟೋ ಕರೆಯಲು ಇಳಿದ. ಆ ಗಳಿಗೆಯಲ್ಲಿ ಅಂದಾನಪ್ಪ ಟವೆಲ್ ಬಿಚ್ಚಿ, ಹಿಂದಿನ ಬಾಗಿಲಿನಿಂದ ಹಾರಿ, ಪ್ರದರ್ಶನದ ಸಭಾಭವನದ ಕಡೆ ಓಟ ಕಿತ್ತ.

ವೇದಿಕೆಯ ಮಗ್ಗುಲಲ್ಲಿ ಮಹೇಶ್ವರಿ ಹಸಿರು ಪೋಷಾಕಿನಲ್ಲಿ ನಿಂತಿದ್ದಳು. ಫೋನು ಚೀಲದೊಳಗೆ ಬಿದ್ದಿದ್ದರಿಂದ ಊರೆಲ್ಲ ಆಡಿದ ಸುದ್ದಿ ಅವಳೊಬ್ಬಳಿಗೇ ತಿಳಿದಿರಲಿಲ್ಲ. ಬೆವರಿ ತೊಪ್ಪೆಯಾದ ಗಂಡನನ್ನು ನೋಡಿ, "ಬಂದ್ರ್ಯಾ?" ಅಂದಳು. ಹಿಂದಿನ ರಾತ್ರಿಯಿಂದ ಅವಳು ಆಡಿದ ಮೊದಲ ಮಾತು. ಆ ಒಂದು ಮಾತಿಗೆ ಐರ್ಲೆಂಡಿನವರೆಗೂ ಜಿಗಿಯಬಹುದು ಅನ್ನಿಸಿತು ಅವನಿಗೆ.

ಜಿಗಿತ ಸರಿಯಾಯಿತೇ ಎಂದು ಪರೀಕ್ಷಿಸಲು ರೋಹಿಣಿಗೆ ಹೊತ್ತೇ ಸಿಗಲಿಲ್ಲ, ಪಿಟೀಲು ಶುರುವಾಯಿತು. ಹೆಜ್ಜೆಗಳು ಸರಿಯಾಗಿಯೇ ಬಿದ್ದವು. ಆದರೆ ಟವೆಲ್ಲು ಬಿಗಿದ ಮಂಡಿಗೆ ಜೋಮು ಹಿಡಿದಿತ್ತು. ಜಿಗಿತ ಬಂದಾಗ ಮತ್ತೆ ಅದೇ ಅಕ್ಕಿ ಮೂಟೆ. ತಲೆ ಅಲ್ಲಾಡಿಸದೆ ಮಹೇಶ್ವರಿ ಹಲ್ಲಿನ ಸಂದಿಯಿಂದ ಹೇಳಿದಳು, "ಮ್ಯಾಲ ಹಾರ್ರಿ. ನಮ್ಮಣ್ಣ ನೋಡಾಕತ್ತಾನ."

ಆಗ ಪಕ್ಕದ ಬಾಗಿಲು ತೆರೆಯಿತು. ಊರೆಲ್ಲ ಹುಡುಕಿ ಬಂದ ಮಂಜ, ಅವನ ಮುಂದೆ ರಾಜೀವಿ. ಅವಳ ಬಲಗೈಯಲ್ಲಿ ಬಿಸಿ ಎಣ್ಣೆಯ ತಂಬಿಗೆ.

"ಮತ್ತೆ ಶುರುವಾಯ್ತು ನೋಡಿ," ಅಂದಳು ರಾಜೀವಿ. "ಪಾಪ, ಹೆಂಡ್ತಿಗೂ ಹತ್ಕಂಡಿದೆ."

ಮೆಟ್ಟಿಲು ಆಚೆ ಬದಿಗಿತ್ತು. ರಾಜೀವಿ ಅದಕ್ಕೆ ಕಾಯಲಿಲ್ಲ. ಎಡಗೈಯಲ್ಲಿ ಸೀರೆಯ ನೆರಿಗೆ ಅವಚಿ, ತಂಬಿಗೆ ತೊಡೆಗೊತ್ತಿ ಹಿಡಿದು, ನೆಲ ಒದ್ದು ವೇದಿಕೆಯ ಮೇಲೆ ಹಾರಿದಳು. ಅಂದಾನಪ್ಪ ಹೆಂಡತಿಯ ಹಿಂದೆ ಅಡಗಿದ. ರಾಜೀವಿ ಹೂಕುಂಡ ದಾಟಿ ಹಾರಿದಳು. ಅವನು ಮುಂದಕ್ಕೆ ಓಡಿದ. ಅವಳು ಸ್ಪೀಕರ್ ಪೆಟ್ಟಿಗೆಯನ್ನೂ ದಾಟಿದಳು. ಪ್ರತಿಸಲವೂ ತುದಿಗಾಲಲ್ಲಿ ಬೆಕ್ಕಿನಂತೆ ಇಳಿದಳು. ನಡುವೆ ಮಹೇಶ್ವರಿ ಮಾತ್ರ ಒಂದು ಹೆಜ್ಜೆಯನ್ನೂ ಬಿಡದೆ ಕುಣಿಯುತ್ತಲೇ ಇದ್ದಳು. ಕೊನೆಗೆ ಪಿಟೀಲು ನಿಂತಾಗ ಗಂಡ ಒಂದು ಕಡೆ, ರಾಜೀವಿ ಇನ್ನೊಂದು ಕಡೆ ಏದುಸಿರು ಬಿಡುತ್ತಿದ್ದರು. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಮಹೇಶ್ವರಿಯ ಅಣ್ಣ ಸಿಳ್ಳೆ ಹಾಕಿದ.

ರೋಹಿಣಿ ವೇದಿಕೆಗೆ ಬಂದಳು. ಬೈಗುಳಕ್ಕೆ ಅಂದಾನಪ್ಪ ತಲೆ ತಗ್ಗಿಸಿದ. ಅವಳು ಅವನನ್ನು ದಾಟಿ ಹೋಗಿ ರಾಜೀವಿಯ ಕೈ ಹಿಡಿದಳು.

"ಒಂದು ಹನಿ ಎಣ್ಣೆ ಚೆಲ್ಲಲಿಲ್ಲ. ಮೇಲಿನ ಮೈ ಅಲ್ಲಾಡಲಿಲ್ಲ. ಪಾದ ಸೊಂಟದಿಂದಲೇ ತೆರೆದಿದೆ. ಎಲ್ಲಿ ಕಲಿತ್ರಿ ಅಮ್ಮ?"

"ಕಲಿಯೂದೆಂತ? ಕರ ಹಗ್ಗ ಬಿಡಿಸ್ಕಂಡು ಓಡಿದ್ರೆ ಹಾಲಿನ ತಂಬ್ಗೆ ಹಿಡ್ಕಂಡೇ ಬೇಲಿ ಹಾರ್ತೆ."

"ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಪ್ರದರ್ಶನ ಇದೆ. ಮಹೇಶ್ವರಕ್ಕನ ಜೋಡಿ ನೀವೇ."

ಮಹೇಶ್ವರಿಯ ಮುಖ ಅರಳಿತು. ಅಂದಾನಪ್ಪನ ಮುಖ ಅದಕ್ಕಿಂತ ಹೆಚ್ಚು ಅರಳಿತು. ಹೆಂಡತಿಯ ಮಾನ ಉಳಿಯಿತು, ತನಗೆ ಬಿಡುಗಡೆ. ಇನ್ನು ಸಂಜೆ ಬಾಗಿಲಲ್ಲಿ ಕೂತು ಶೇಂಗಾ ತಿನ್ನುತ್ತ ನೋಡಿದರಾಯಿತು.

"ಆದ್ರ ಇವರಿಗೆ ಹೆಜ್ಜಿ ಒಂದೂ ಬರೂದಿಲ್ಲಲ್ರಿ?" ಎಂದಳು ಮಹೇಶ್ವರಿ.

"ಕಲಿಸಿದ್ರಾಯ್ತು. ಹೆಜ್ಜೆ ಒಂದೂ ತಪ್ಪದವರು ಪಕ್ಕದ ಮನೆಯಲ್ಲೇ ಇದಾರಲ್ಲ," ಎಂದಳು ರೋಹಿಣಿ.

ಮೂವರೂ ಅವನ ಕಡೆ ತಿರುಗಿದರು.

ಮರುದಿನ ಕಾಗೆ ಕೂಗುವ ಮುಂಚೆ ಕಿಟಕಿಯ ಮೇಲೆ ಬಡಿದ ಸದ್ದಾಯಿತು. ಮೈಯೆಲ್ಲ ನೋಯುತ್ತಿದ್ದ ಅಂದಾನಪ್ಪ ಒಂದು ಕಣ್ಣು ತೆರೆದ. ಹಿತ್ತಲಿನಲ್ಲಿ ರಾಜೀವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರ ದೊಡ್ಡ ಸಾಲು.

"ಮೇಷ್ಟ್ರೆ, ಎದ್ರಾ? ಇವರಿಗೆಲ್ಲ ಮಂಡಿ ನೋವಂತೆ. ನೀವು ದಿನಾ ಬೆಳಿಗ್ಗೆ ಕಲಿಸ್ತ್ರಿ ಅಂತ ನಾನೇ ಹೇಳ್ದೆ."

ಅಂದಾನಪ್ಪ ಗಾಬರಿಯಿಂದ ಹೆಂಡತಿಯ ಭುಜ ಅಲ್ಲಾಡಿಸಿದ. ಮಹೇಶ್ವರಿ ಕಣ್ಣು ತೆರೆಯದೆ, ನಗುತ್ತಲೇ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು.

"ಹೋಗ್ರಿ ಮೇಷ್ಟ್ರ," ಎಂದಳು ಒಳಗಿನಿಂದ, "ನನಗಿನ್ನೂ ನಿದ್ದಿ ಐತಿ."