ಹಿತ್ತಾಳೆ ಲೋಟಗಳಿಗೆ ಪೊಲೀಸ್ ಬಂದೋಬಸ್ತು

ಹೋಟೆಲು ನಡೆಸುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬಂದು ಮೇಜಿನ ಮುಂದೆ ಕೂರುತ್ತವೆ. ಜೊತೆಗೆ ಪೊಲೀಸರೂ ಬಂದು ಕೂತರೆ ಕೇಳುವುದೇ ಬೇಡ.

ಐವತ್ತರ ದಶಕದ ಮಾತು. ಮುಂಬಯಿಯ ಮುಲುಂಡಿನ ಆಚೆಯೋ ಈಚೆಯೋ ಒಂದು ರೈಲ್ವೆ ಸ್ಟೇಷನ್ನಿನ ಎದುರು ನಮ್ಮ ಉಡುಪಿ ಹೋಟೆಲು. ಯಾವ ಸ್ಟೇಷನ್ ಎಂದು ಕೇಳಬೇಡಿ. ಪೊಲೀಸರ ವಿಷಯ ಬರೆಯುವವನಿಗೆ ಅಷ್ಟಾದರೂ ಬುದ್ಧಿ ಬೇಕು. ನಾನು ಅಲ್ಲಿ ಮ್ಯಾನೇಜರ್. ಧಣಿಗಳು ಮಾಟುಂಗದ ತಮ್ಮ ದೊಡ್ಡ ಹೋಟೆಲಿನಲ್ಲಿದ್ದರು. ಅವರು ಊರಿನಿಂದ ತರಿಸಿದ ಹಿತ್ತಾಳೆ ಲೋಟಗಳು ನನ್ನ ಕಣ್ಣೆದುರೇ ಒಂದೊಂದಾಗಿ ಮಾಯವಾಗುತ್ತಿದ್ದವು.

ಧಣಿಗಳು ಒಂದು ದಿನ ಬಂದು ಖಂಡಿತವಾಗಿ ಹೇಳಿದರು: "ದೀಪಾವಳಿಯ ಒಳಗೆ ಇದು ನಿಲ್ಲಬೇಕು. ಇಲ್ಲದಿದ್ದರೆ ಈ ಬ್ರಾಂಚಿಗೆ ಬೀಗ, ನಿನಗೆ ಊರಿನ ದಾರಿ. ಕಣ್ಣಿಲ್ಲದ ಮ್ಯಾನೇಜರ್ ನನಗೆ ಎಂತಕ್ಕೆ?"

ನನಗೆ ನಿಜಕ್ಕೂ ಹೆದರಿಕೆಯಾಯಿತು. ಚಾಳಿನಲ್ಲಿ ಒಂದು ಖೋಲಿ ಹಿಡಿದು, ಹೆಂಡತಿಯನ್ನು ಕರೆತಂದು ಆಗಿನ್ನೂ ನಾಲ್ಕು ತಿಂಗಳು. ಗಂಡ ಮುಂಬಯಿಯಲ್ಲಿ ಮ್ಯಾನೇಜರ್ ಎಂದು ಅವಳು ಊರಿಗೆಲ್ಲ ಕಾಗದ ಬರೆದಿದ್ದಳು.

ಕಳೆದದ್ದೋ, ಕದ್ದದ್ದೋ?

ಅದೇ ಹೊತ್ತಿಗೆ ಠಾಣೆಗೆ ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಪೇಟೆಯ ವ್ಯಾಪಾರಿಗಳನ್ನೆಲ್ಲ ಸೇರಿಸಿ, "ಒಂದು ತಿಂಗಳಲ್ಲಿ ನಿಮ್ಮ ಅಂಗಡಿಗಳ ಕಳ್ಳತನ ಅರ್ಧಕ್ಕೆ ಇಳಿಸುತ್ತೇನೆ" ಎಂದು ಎದೆ ತಟ್ಟಿಕೊಂಡರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಮರುದಿನ ಬೆಳಿಗ್ಗೆಯೇ ನಾನು ಠಾಣೆಗೆ ಓಡಿದೆ.

ಅಲ್ಲಿದ್ದ ಹವಾಲ್ದಾರ ಸೊಲ್ಲಾಪುರದ ಕಡೆಯವನು, ಕನ್ನಡ ಬಲ್ಲವನು. "ಲೋಟಾ ಒಯ್ಯೂದು ನೀವು ನೋಡೀರೇನು?" ಎಂದು ಕೇಳಿದ.

"ನೋಡಿದ್ದರೆ ಬಿಡುತ್ತಿದ್ದೆನಾ?"

"ಹಂಗಾರ ಅದು ಚೋರಿ ಅಲ್ಲ ಭಾವೂ. ಕಳದೈತಿ." ಮುಂದಿದ್ದ ರಿಜಿಸ್ಟರ್ ಮುಚ್ಚಿ, ಕಪಾಟಿನಿಂದ ಬೇರೊಂದು ತೆಗೆದು, ಒಂದು ಡಜನ್ ಲೋಟ ಕಳೆದುಹೋಗಿವೆ ಎಂದು ಬರೆದುಕೊಂಡ.

ನಮ್ಮ ಪಕ್ಕದಲ್ಲಿ ಧಾರವಾಡದ ಸಾಹುಕಾರರ ಅರಿವೆ ಅಂಗಡಿ. ಅವರ ಬಾಗಿಲಿನ ಬೀಗವನ್ನೇ ಮುರಿದು ಯಾರೋ ಸೀರೆಯ ಗಂಟು ಹೊತ್ತೊಯ್ದಿದ್ದರು. ಅವರಿಗೂ ಅದೇ ರಿಜಿಸ್ಟರ್.

"ಬೀಗ ಕಡೀಕ ಎಲ್ಲಿ ಇಟ್ಟಿದ್ರಿ, ನೆನಪೈತೇನು?" ಎಂದು ಹವಾಲ್ದಾರ ಕೇಳಿದನಂತೆ.

"ಬಾಗಿಲಾಗ ಇಟ್ಟಿದ್ದೆನಪಾ! ಬೀಗ ಮತ್ತೆಲ್ಲಿ ಇಡ್ತಾರ?" ಎಂದರು ಸಾಹುಕಾರರು.

"ಅಲ್ಲೇ ತಪ್ಪಾತು ನೋಡ್ರಿ. ಹಂಗ ಹೊರಗ ಬಿಡಬಾರದು."

ಹೀಗೆ ಹದಿನೈದೇ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ಕಳ್ಳತನ ಪೂರ್ತಿ ನಿಂತುಹೋಯಿತು. ವ್ಯಾಪಾರಿಗಳ ಮರೆವು ಮಾತ್ರ ವಿಪರೀತ ಹೆಚ್ಚಾಯಿತು.

ಹಳದಿ ಟೋಪಿ

ಸಾಹೇಬರು ಅಷ್ಟಕ್ಕೇ ಸುಮ್ಮನಿರುವವರಲ್ಲ. ನಮ್ಮ ಹೋಟೆಲಿಗೆ ಒಬ್ಬ ಕಾನ್‌ಸ್ಟೇಬಲನನ್ನೇ ಕಾವಲು ಕಳಿಸಿದರು. ನೀಲಿ ಚಡ್ಡಿ, ಹಳದಿ ಟೋಪಿ, ಕೈಯಲ್ಲಿ ಲಾಠಿ. ಬಂದವನು ಬಾಗಿಲ ಬಳಿಯ ಮೊದಲ ಮೇಜನ್ನೇ ಹಿಡಿದ.

ಆಗ ಮುಂಬಯಿಯಲ್ಲಿ ಪಾನನಿಷೇಧ. ಹಳದಿ ಟೋಪಿ ಕುಳಿತಲ್ಲಿ ಸಾರಾಯಿಗಾಗಿ ದಾಳಿ ಬಿದ್ದಿದೆ ಎಂದೇ ಲೆಕ್ಕ. ಗಿರಾಕಿಗಳು ಹೊಸ್ತಿಲ ತನಕ ಬರುವುದು, ಟೋಪಿ ನೋಡುವುದು, ಏನೋ ಮರೆತವರಂತೆ ತಲೆ ಕೆರೆದುಕೊಂಡು ಹಿಂತಿರುಗುವುದು. ಜನ್ಮದಲ್ಲಿ ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಕುಡಿಯದ ನಮ್ಮ ಭಜನಾ ಮಂಡಳಿಯ ಅಧ್ಯಕ್ಷರು ಕೂಡ ರಸ್ತೆಯ ಆಚೆ ಬದಿಯಲ್ಲಿ, ಮುಖಕ್ಕೆ ಕೊಡೆ ಅಡ್ಡ ಹಿಡಿದು ನಡೆಯತೊಡಗಿದರು. ಅವರಿಗೇಕೆ ಭಯ ಎಂದು ನಾನು ಕೇಳಲಿಲ್ಲ. ಕೆಲವು ವಿಷಯ ತಿಳಿಯದಿದ್ದರೇ ಒಳ್ಳೆಯದು.

ಎರಡು ವಾರದ ಮೇಲೆ ಸಾಹೇಬರು ತಪಾಸಣೆಗೆ ಬಂದರು. "ಒಂದು ಲೋಟವಾದರೂ ಹೋಯಿತೇ?"

"ಇಲ್ಲ ಸಾಹೇಬ್ರೇ. ಆದರೆ ಗಿರಾಕಿಗಳೂ ಇಲ್ಲ."

"ಗಿರಾಕಿ ಕರೆಯುವುದು ಪೊಲೀಸರ ಕೆಲಸವೇ?" ಎಂದು ಅವರು ನನ್ನನ್ನೇ ಗದರಿದರು.

ಕೈಕಾಲು ಹಿಡಿದು ಕಾವಲು ತೆಗೆಸಿದ್ದಾಯಿತು. ಆ ಎರಡು ವಾರ ನಮ್ಮಲ್ಲಿ ಹೊಟ್ಟೆ ತುಂಬ ತಿಂದವನು ಕಾನ್‌ಸ್ಟೇಬಲ್ ಒಬ್ಬನೇ. ಹೊರಡುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಕನಿಕರದಿಂದ, "ನಿಮ್ಮ ಚಟ್ನಿಗೆ ಉಪ್ಪು ಜಾಸ್ತಿ. ಗಿರಾಕಿ ಬಾರದೆ ಇರೋದು ಅದಕ್ಕೇ" ಎಂದ.

ಸರಪಳಿ

ಮುಂದಿನ ಸಭೆಯಲ್ಲಿ ಸಾಹೇಬರಿಗೆ ಹೊಸ ಉಪಾಯ ಹೊಳೆಯಿತು: ಲೋಟಗಳನ್ನು ಸರಪಳಿಯಿಂದ ಮೇಜಿಗೆ ಬಿಗಿಯಿರಿ! ತಾವೇ ಬಂದು ಕುರ್ಚಿಯಲ್ಲಿ ಕೂತು, ಲೋಟವನ್ನು ತುಟಿಗಿಟ್ಟು, ಬೆನ್ನು ನೆಟ್ಟಗೆ ಮಾಡಿ ನೀರು ಕುಡಿದು ತೋರಿಸಿದರು. ಹವಾಲ್ದಾರ ಮೇಜಿನಿಂದ ಅವರ ತುಟಿಯವರೆಗೆ ದಾರ ಹಿಡಿದು ಅಳೆದ. ಎಲ್ಲ ಮೇಜುಗಳಿಗೂ ಅದೇ ಅಳತೆಯ ಸರಪಳಿ ಬಂತು.

ನಮ್ಮ ಗಿರಾಕಿಗಳು ಎಂಜಲು ಮಾಡದೆ ಎತ್ತಿ ಕುಡಿಯುವವರು ಎಂಬುದು ಸಾಹೇಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಫೋರ್ಟ್ ಕಡೆಯ ಆಫೀಸಿಗೆ ಹೊರಟ ಗುಮಾಸ್ತರೊಬ್ಬರು, ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ಬಂದು ಕೂತರು. ದೋಸೆ ತಿಂದರು. ಕತ್ತು ಹಿಂದಕ್ಕೆ ಹಾಕಿ, ಬಾಯಿ ತೆರೆದು, ಕಣ್ಣು ಮುಚ್ಚಿ ಲೋಟ ಎತ್ತಿದರು. ಸರಪಳಿ ಗಲ್ಲದ ಹತ್ತಿರ ಬಂದು ಜಗ್ಗಿತು. ಅರ್ಧ ನೀರು ಅವರ ಕೋಟಿಗೆ, ಉಳಿದರ್ಧ ಎದುರು ಕೂತವರ ಸಾಂಬಾರಿಗೆ.

ಎರಡು ದಿನಗಳಲ್ಲಿ ಜನ ಅದಕ್ಕೂ ಹೊಂದಿಕೊಂಡರು. ಕುರ್ಚಿಯಿಂದ ಜಾರಿ, ತಲೆಯನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬಾಯಿ ಮೇಲೆ ಮಾಡಿ ನೀರು ಹೊಯ್ದುಕೊಳ್ಳುತ್ತಿದ್ದರು. ಸಾಹುಕಾರರು ಇದನ್ನು ನೋಡಿ, "ಏನ್ರೀ ಮ್ಯಾನೇಜರ್, ಹೋಟ್ಲು ಬಿಟ್ಟು ಹಲ್ಲಿನ ದವಾಖಾನಿ ತಗದೀರೇನು?" ಎಂದರು.

ಮುಂದಿನ ಸೋಮವಾರ ಮೂಲೆಯ ಮೇಜಿನ ಲೋಟ ಮಾಯ. ಸರಪಳಿಯೂ ಮಾಯ. ಹವಾಲ್ದಾರ ಬಂದು ಬಗ್ಗಿ ನೋಡಿ, "ಸರಪಳಿಗೊಂದು ಕುಲುಪು ಹಾಕ್ರಿ" ಎಂದ.

"ಕೀಲಿಕೈ ಯಾರ ಹತ್ತಿರ ಇರಬೇಕು?"

"ಗಿರಾಕಿ ಕೈಯಾಗ ಕೊಡ್ರಿ. ಪಾಪ, ಅವರು ನೀರು ಕುಡೀಬೇಕಲ್ಲ!"

ಪಂಚನಾಮೆ

ದೀಪಾವಳಿಗೆ ಮೂರು ದಿನ ಇರುವಾಗ ಧಣಿಗಳು ಬಂದೇಬಿಟ್ಟರು. ಕೈಯಲ್ಲಿ ದೊಡ್ಡದೊಂದು ಬೀಗ. ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಬಾಗಿಲಿಗೆ ಪೊಲೀಸ್ ಜೀಪು ಬಂದು ನಿಂತಿತು. ಸಾಹೇಬರು, ಹವಾಲ್ದಾರ, ಇಬ್ಬರು ಕಾನ್‌ಸ್ಟೇಬಲ್‌ಗಳು ಇಳಿದರು. ಲೋಟ ಕಳ್ಳ ಸಿಕ್ಕಿಬಿದ್ದಿದ್ದ!

ಕಾಂದಿವಲಿಯಲ್ಲಿ ಯಾರೋ ಹಿಡಿದುಕೊಟ್ಟಿದ್ದರಂತೆ. ಕಳ್ಳ ಎಂದರೆ ನಂಬುವ ಹಾಗಿರಲಿಲ್ಲ. ಕಪ್ಪು ಕೋಟು, ಹೆಗಲ ಮೇಲೆ ಟವೆಲು, ಹಣೆಗೆ ಗಂಧ. ನಾನೇ ಎಷ್ಟೋ ಸಲ "ಬನ್ನಿ, ಕೂತುಕೊಳ್ಳಿ" ಎಂದು ಉಪಚರಿಸಿದ ಮನುಷ್ಯ. ಹೇಗೆ ಕದಿಯುತ್ತಿದ್ದ ಎಂಬುದನ್ನು ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಎದುರಿಗೆ ಮಾಡಿಸಿ ಪಂಚನಾಮೆ ಬರೆದುಕೊಳ್ಳಬೇಕಿತ್ತು. ಸಾಹುಕಾರರು ಒಬ್ಬ ಪಂಚರಾದರು. ಇನ್ನೊಬ್ಬರು ಸಿಗದೆ ಸಾಹೇಬರು ಧಣಿಗಳನ್ನೇ ಕೂರಿಸಿದರು. ಬೇಡಿಯಲ್ಲಿ ಕೈ ಆಡುವುದಿಲ್ಲ ಎಂದು ಕಳ್ಳ ಹೇಳಿದ್ದರಿಂದ ಬೇಡಿಯನ್ನೂ ಬಿಚ್ಚಿದರು. ಸರಪಳಿಗಳನ್ನು ನಾನು ಆಗಲೇ ಕಿತ್ತು ಹಾಕಿದ್ದೆ.

ಕಳ್ಳ ಕೂತ. ನೀರು ಕುಡಿದ. ಟವೆಲಿನಿಂದ ಬಾಯಿ ಒರೆಸಿ, ಅದನ್ನು ಲೋಟದ ಮೇಲೆ ಹಾಕಿದ. ಮತ್ತೆ ಎತ್ತಿ ಹೆಗಲಿಗೆ ಹಾಕಿಕೊಂಡ. ಲೋಟ ಇಲ್ಲ!

"ಅರೇ, ಹಳೂ ಮಾಡೋ. ಬರಕೊಳ್ಳಾಕ ಆಗವಲ್ದು" ಎಂದ ಹವಾಲ್ದಾರ. ಕಳ್ಳ ಮುಂದಿನ ಮೇಜಿಗೆ ಹೋಗಿ ನಿಧಾನವಾಗಿ ಮಾಡಿ ತೋರಿಸಿದ. ಈ ಲೋಟವೂ ಇಲ್ಲ. ಅಷ್ಟು ಹೊತ್ತಿಗೆ ಧಣಿಗಳು ಬೀಗವನ್ನು ಪಕ್ಕಕ್ಕಿಟ್ಟು ಕುರ್ಚಿಯ ತುದಿಗೆ ಬಂದಿದ್ದರು. "ಇನ್ನೊಮ್ಮೆ ತೋರಿಸು ಮಾರಾಯ, ನನಗೆ ಸರಿ ಕಾಣಲಿಲ್ಲ" ಎಂದರು. ಅವನು ಮೂರನೆಯ ಮೇಜಿನಲ್ಲೂ ತೋರಿಸಿದ. ಎಲ್ಲರೂ ತಲೆದೂಗಿದೆವು. ಹವಾಲ್ದಾರ ಓದಿದ, ಪಂಚರು ಸಹಿ ಹಾಕಿದರು. ಎಲ್ಲರಿಗೂ ಕಾಫಿ ಆಯಿತು, ಕಳ್ಳನಿಗೂ ಆಯಿತು. ಅವನು ಧಣಿಗಳಿಗೆ ಕೈಮುಗಿದು ಜೀಪು ಹತ್ತಿದ.

ಜೀಪು ತಿರುವು ದಾಟಿದ ಮೇಲೆ ನಾನು ಮೇಜುಗಳ ಕಡೆ ನೋಡಿದೆ. ಮೂರು ಮೇಜುಗಳ ಮೇಲೆ ಲೋಟವಿಲ್ಲ.

"ಧಣೀ," ಎಂದೆ, "ಅವನು ತೆಗೆದದ್ದನ್ನು ಎಲ್ಲರೂ ನೋಡಿದೆವು. ವಾಪಸು ಇಟ್ಟದ್ದನ್ನು ಯಾರಾದರೂ ನೋಡಿದಿರಾ?"

ಧಣಿಗಳು ಒಂದೊಂದೇ ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡಿ ಬಂದರು. ಇನ್ಸ್‌ಪೆಕ್ಟರ್, ಹವಾಲ್ದಾರ, ಇಬ್ಬರು ಕಾನ್‌ಸ್ಟೇಬಲ್‌ಗಳು, ಇಬ್ಬರು ಪಂಚರು, ಇಷ್ಟು ಜನರ ಕಣ್ಣೆದುರೇ ಲೋಟಗಳು ಹೋಗಿದ್ದವು. ಪಂಚರಲ್ಲೊಬ್ಬರು ಸ್ವತಃ ಧಣಿಗಳು, ಅದೂ ಇನ್ನೊಮ್ಮೆ ತೋರಿಸು ಎಂದು ಕೇಳಿದವರು. ಧಣಿಗಳು ತಂದ ಬೀಗವನ್ನು ಚೀಲಕ್ಕೆ ಹಾಕಿಕೊಂಡು, "ನೀನು ಇಲ್ಲೇ ಇರು. ನಿನ್ನದು ಎಂತ ತಪ್ಪೂ ಇಲ್ಲ" ಎಂದರು. ನನಗೆ ಅಳು ಬರುವುದೊಂದು ಬಾಕಿ.

ಸಾಹುಕಾರರಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಸುಮ್ಮನ ಯಾಕ ಕುಂತೀರಿ ಧಣ್ಯಾರ? ನಡೀರಿ ಠಾಣೆಕ್ಕ, ಕಂಪ್ಲೇಂಟ್ ಕೊಡೂಣು!"

ಧಣಿಗಳು ಎರಡೂ ಕೈ ಜೋಡಿಸಿದರು. "ಬೇಡ ಸಾಹುಕಾರ್ರೇ, ಕಂಪ್ಲೇಂಟ್ ಕೊಟ್ಟರೆ ಪುನಃ ಪಂಚನಾಮೆಗೆ ಬರ್ತಾರೆ. ಇನ್ನು ಏಳು ಮೇಜಿನಲ್ಲಿ ಲೋಟ ಉಂಟು!"