ಬೇರೆ ಮನೆಯ ಮಾತನ್ನು ನನಗಿಂತ ಮೊದಲೇ ಆಡಿಬಿಟ್ಟ ಟಿವಿಯವರಿಗೆ

ನಡುಮನೆಯ ಅರ್ಧ ಗೋಡೆಯನ್ನು ಆಕ್ರಮಿಸಿಕೊಂಡು, ರಿಮೋಟಿನ ಮಾತನ್ನು ಬಿಟ್ಟರೆ ಯಾರ ಮಾತಿಗೂ ಸೊಪ್ಪು ಹಾಕದ ಸ್ಮಾರ್ಟ್ ಟಿವಿ ಮಹಾಶಯರಿಗೆ ಒಳಕೋಣೆಯ ಹಿರಿಸೊಸೆಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೃಪೆಯಿಂದ ನಾನು ಅಷ್ಟೊಂದು ಕ್ಷೇಮವಾಗಿಲ್ಲ. ತಮಗೆ ತಿಳಿದಿರುವಂತೆ, ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುವುದು ನನ್ನ ಕೆಲಸ. ಮನೆಗೆಲ್ಲ ಒಂದೇ ವೈಫೈ ಬಂದ ದಿನ ನನ್ನ ಕಂಪ್ಯೂಟರು, ಈ ನೆಟ್‌ವರ್ಕಿನಲ್ಲಿರುವವರನ್ನು ನಂಬಬಹುದೇ ಎಂದು ವಿನಯದಿಂದಲೇ ಕೇಳಿತ್ತು. ಜೋಡಿಸಲು ಕೂತಿದ್ದ ಮೈದುನ "ಅಯ್ಯೋ ಅತ್ತಿಗೆ, ಮನೆಯವರನ್ನೇ ನಂಬಲ್ಲ ಅಂದ್ರೆ ಹೇಗೆ?" ಎಂದು ನಕ್ಕು, 'ಹೌದು' ಒತ್ತಿ, ಹಾಡು ಕೇಳಲು ಅನುಕೂಲವಾಗಲೆಂದು ನನ್ನ ಫೋಲ್ಡರನ್ನೂ ಎಲ್ಲರಿಗೂ ತೆರೆದಿಟ್ಟು ಎದ್ದುಹೋದ.

ಮೈದುನನ ಅವಳಿ ಮಕ್ಕಳು ಕೋಣೆಯ ಬಾಗಿಲನ್ನೇ ಡೋಲು ಮಾಡಿಕೊಂಡಿರುವುದರಿಂದ ನನ್ನ ಯಾವ ಪಾಠವೂ ಸದ್ದಿಲ್ಲದೆ ಮುಗಿಯುತ್ತಿರಲಿಲ್ಲ. ಬೇರೆ ಮನೆ ಮಾಡುವುದೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿದೆವು. ಅತ್ತೆಯವರಿಗೆ ಹೇಳುವವರು ಯಾರು? ಯಜಮಾನರು ಹೇಳಲೆಂದು ಬಾಯಿ ತೆರೆದಾಗಲೆಲ್ಲ ನೀರು ಕುಡಿದು ಮುಚ್ಚಿಕೊಂಡರು. ಕೊನೆಗೆ ನಾನೇ ಮೈಕಿನ ಮುಂದೆ ಕೂತು ಅಭ್ಯಾಸ ಮಾಡಿದೆ. ಒಮ್ಮೆ ನಯವಾಗಿ ಹೇಳಿದೆ, ಒಮ್ಮೆ ಅತ್ತುಬಿಟ್ಟೆ. ಎರಡನ್ನೂ 'ಅತ್ತೆಗೆ' ಎಂಬ ಹೆಸರಿನಲ್ಲಿ ಉಳಿಸಿಟ್ಟದ್ದು ನನ್ನ ಅಪಾರ ಜಾಣತನ.

ಅಂದು ಸಂಜೆ ಅತ್ತೆಯವರು ಪಕ್ಕದ ಮನೆಯಾಕೆಯೊಂದಿಗೆ ಹಳೆಯ ಹಾಡು ಹುಡುಕುತ್ತಿದ್ದಾಗ, ತಾವು ನನ್ನ ಫೋಲ್ಡರಿನೊಳಗೆ ಇಣುಕಿ ಆ ಹೆಸರನ್ನು ಅವರ ಕಣ್ಣೆದುರು ಹಿಡಿದಿರಿ. ತನಗಾಗಿಯೇ ಇಟ್ಟದ್ದೆಂದುಕೊಂಡು ಅತ್ತೆಯವರು ಒತ್ತಿದರು. "ಅತ್ತೆ, ತಪ್ಪು ತಿಳ್ಕೋಬೇಡಿ, ನಾವು ಬೇರೆ ಮನೆ ಮಾಡ್ತೀವಿ. ನಿಮ್ಮ ಮಗನಿಗೆ ಹೇಳೋ ಧೈರ್ಯ ಇಲ್ಲ" ಎಂಬ ನನ್ನ ಧ್ವನಿಯನ್ನು ಬೀದಿಯ ಕೊನೆಯವರೆಗೆ ಮುಟ್ಟಿಸಿದ ತಮ್ಮ ಸ್ಪೀಕರನ್ನು ಎಷ್ಟು ಹೊಗಳಿದರೂ ಸಾಲದು. ಅದು ಮುಗಿಯುತ್ತಲೇ, ಯಾರೂ ಕೇಳದಿದ್ದರೂ, ನಾನು ಅತ್ತ ಭಾಗವನ್ನೂ ಹಾಕಿದಿರಿ. ಮೂಗು ಸೀಟಿದ ಸದ್ದಂತೂ ಎಷ್ಟು ಸ್ಪಷ್ಟ! ಯಜಮಾನರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತೆ.

ಅತ್ತೆಯವರು ರಿಮೋಟನ್ನು ಕೆಳಗಿಟ್ಟರು. "ಎರಡನೇದೇ ಚೆನ್ನಾಗಿದೆ ಕಣೇ" ಎಂದರು. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿ, "ಮನೆ ನೋಡುವಾಗ ನನಗೂ ಒಂದು ಕೋಣೆ ಇರ್ಲಿ. ಈ ಗಲಾಟೆ ನಿನಗೊಬ್ಬಳಿಗೇ ಅಂದ್ಕೊಂಡಿದ್ಯಾ?" ಎಂದರು. ಯಾರಿಂದ ಬೇರೆಯಾಗಲು ಇಷ್ಟೆಲ್ಲ ಅಭ್ಯಾಸ ಮಾಡಿದೆನೋ ಅವರನ್ನೇ ತಬ್ಬಿಕೊಂಡು ಅವರ ಸೀರೆಯನ್ನೆಲ್ಲ ಹಿಟ್ಟು ಮಾಡಿದೆ.

ಆದರೂ ತಮ್ಮ ಅಪರಾಧ ಅಪರಾಧವೇ. ಆದ್ದರಿಂದ ಫೋಲ್ಡರನ್ನು ಮುಚ್ಚಿದ್ದೇನೆ, ಪಾಸ್‌ವರ್ಡ್ ಹಾಕಿದ್ದೇನೆ, ಫೈರ್‌ವಾಲ್ ಎಂಬ ಕಾವಲುಗೋಡೆ ಏರಿಸಿದ್ದೇನೆ. ಗಂಡನ ಮನೆಯನ್ನು ಬಸ್ ನಿಲ್ದಾಣದಂತೆ 'ಸಾರ್ವಜನಿಕ' ನೆಟ್‌ವರ್ಕೆಂದು ಕಂಪ್ಯೂಟರಿಗೆ ತಿಳಿಸಿದ್ದೇನೆ. ತಮ್ಮನ್ನು ಅತಿಥಿಗಳ ವೈಫೈಗೆ ವರ್ಗಾಯಿಸಲಾಗಿದೆ. ಇನ್ನು ಮುಂದೆ ಯಾರದೇ ಫೋಲ್ಡರು ಹೊಗುವ ಮುನ್ನ ಒಮ್ಮೆ ಕೆಮ್ಮಿ, ಒಳಗೆ ಬರಲೇ ಎಂದು ಕೇಳಿ, ಉತ್ತರ ಬರುವವರೆಗೆ ಗೋಡೆಯತ್ತ ಮುಖ ತಿರುಗಿಸಿಕೊಂಡಿರಬೇಕಾಗಿ ಪ್ರಾರ್ಥನೆ.

ಇಂತಿ, ವಿಚಾರಿಸಿದ ಮೇಲಷ್ಟೇ ವಿಶ್ವಾಸವಿಡುವ
ತಮ್ಮ ವಿಶ್ವಾಸಿ,
ಹಿರಿಸೊಸೆ

ಮರೆತ ಮಾತು: ಹೊಸ ಮನೆಗೆ ತಮ್ಮನ್ನು ಕರೆದೊಯ್ಯುತ್ತಿಲ್ಲ. ಅತ್ತೆಯವರು ರೇಡಿಯೊ ಸಾಕು ಎಂದಿದ್ದಾರೆ. ಅದು ಊರಿನ ಸುದ್ದಿ ಹೇಳುತ್ತದೆಯೇ ಹೊರತು ಮನೆಯದ್ದನ್ನಲ್ಲ.