ತೇನೀರ್ ಪೆಟ್ಟಿಗೆಯ ಉದ್ಘಾಟನೆ

ನೀಲಗಿರಿಯ ನಮ್ಮ ಸೋಲೂರು ಕಡೆ ನನ್ನ ತಮಿಳಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅನುಮಾನ ಇದ್ದವರು ನನ್ನೆದುರು ಹೇಳಿಲ್ಲ. ಮನೆಯಲ್ಲಿ ನಾವು ಕನ್ನಡದವರು, ಪಕ್ಕದ ಮನೆಯ ಭೋಜಣ್ಣ ಬಡಗ ಭಾಷೆ ಮಾತಾಡುವವನು, ಬಸ್ಸು ಹತ್ತಿದರೆ ಎಲ್ಲರಿಗೂ ತಮಿಳು. ಆದರೆ ನನ್ನದು ಬಸ್ಸಿನ ತಮಿಳಲ್ಲ, ಶುದ್ಧ ತಮಿಳು! ಲೋಕವೆಲ್ಲ ಟೀ ಎಂದರೆ ನಾನೊಬ್ಬ ‘ತೇನೀರ್’ ಎನ್ನುತ್ತೇನೆ. ಅಂಗಡಿಯವನು ಎರಡು ಸಲ ‘ಏನು?’ ಎಂದು ಕೇಳಿ, ಆಮೇಲೆ ಟೀ ಕೊಡುತ್ತಾನೆ.

ಸಣ್ಣ ಟೀ ಬೆಳೆಗಾರರ ನಮ್ಮ ಊರಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ಟೀ ಸೊಪ್ಪನ್ನು ಫ್ಯಾಕ್ಟರಿಗೆ ಸುರಿದು ಬರುವುದರ ಬದಲು ನಾವೇ ಟೀಪುಡಿ ಮಾಡಿ ಮಾರಬೇಕು, ಅದಕ್ಕೆ ಗಾಳಿಯಾಡದ ಪೆಟ್ಟಿಗೆ ಕೊಡಿ ಎಂದು ಊಟಿಯ ಒಂದು ಕಚೇರಿಗೆ ಅಲೆದು ಅಲೆದು ಅಲ್ಲಿನ ನಾಯಿಗೂ ನನ್ನ ಪರಿಚಯವಾಗಿತ್ತು.

ಅದೇ ಕಚೇರಿಗೆ ನನ್ನ ಹೆಂಡತಿ ಗಿರಿಜೆಯೂ ಒಂದು ಮನವಿ ಸಲ್ಲಿಸಿದ್ದಳು. ಅವಳದು ಕುಂಬಳಕಾಯಿಯ ಸಮಸ್ಯೆ. ಗೂಡಲೂರು ಬಳಿಯ ತೊರಪಳ್ಳಿಯ ತವರಿನಿಂದ ಅವಳ ಅವ್ವ ಕೊಟ್ಟ ಬೀಜದ ಕುಂಬಳ ನಮ್ಮ ಹಿತ್ತಿಲಲ್ಲಿ ವರ್ಷಾವರ್ಷ ಹಬ್ಬುತ್ತಿತ್ತು. ಅವ್ವ ಈಗಿಲ್ಲ. ತವರಿನ ಬಳ್ಳಿಯೂ ಈಗಿಲ್ಲ, ಅದನ್ನು ಆನೆ ನೋಡಿಕೊಂಡಿತು. ಉಳಿದದ್ದು ನಮ್ಮ ಹಿತ್ತಿಲಿನದೊಂದೇ. ಎರಡು ವರ್ಷದಿಂದ ಅದೂ ಹೂ ಬಿಡುತ್ತಿತ್ತು, ಉದುರಿಸುತ್ತಿತ್ತು. ಸುತ್ತಲಿನ ಟೀ ತೋಟಗಳಿಗೆ ಹೊಡೆಯುವ ಔಷಧಿಯ ಪುಣ್ಯದಿಂದ ಒಂದು ಜೇನುಹುಳವೂ ಈ ಕಡೆ ಸುಳಿಯುತ್ತಿರಲಿಲ್ಲ.

“ಡಬ್ಬಿಯಲ್ಲಿದ್ದ ಕೊನೇ ಬೀಜ ಹಾಕಿದೀನಿ ಕಣ್ರೀ. ಈ ಸಲ ಕಾಯಿ ಕಚ್ಚದಿದ್ರೆ ಅವ್ವನ ಬೀಜ ಮುಗಿದ ಹಾಗೆ. ಒಂದು ಜೇನುಪೆಟ್ಟಿಗೆ ಕೊಡಿ ಅಂತ ಕೇಳಿದೀನಿ, ನಿಮ್ಮ ಫೋನ್ ನಂಬರೇ ಕೊಟ್ಟಿದೀನಿ” ಎಂದು ಅವಳು ಹೇಳಿದಾಗ ನಾನು ಪೇಪರು ಓದುತ್ತಿದ್ದೆ. ಗಂಡಂದಿರು ಪೇಪರು ಓದುವಾಗ ಹೇಳಿದ ಮಾತು ಕಾನೂನಿನ ಪ್ರಕಾರ ಹೇಳಿದ ಹಾಗಲ್ಲ.

ಹೂ ಬಿಡುವ ಹೊತ್ತಿಗೆ ಸರಿಯಾಗಿ ಕಚೇರಿಯಿಂದ ಫೋನು ಬಂತು. “ತೇನೀಪ್ಪೆಟ್ಟಿ ನಾಳೈಕ್ಕು ವರುದು” ಎಂದರು ಅಧಿಕಾರಿ, ಪೆಟ್ಟಿಗೆ ನಾಳೆ ಬರುತ್ತದೆ ಎಂದು. ತಮಿಳಿನಲ್ಲಿ ತೇನೀ ಎಂದರೆ ಜೇನುಹುಳ, ತೇನೀರ್ ಎಂದರೆ ಟೀ. ನಡುವೆ ಇರುವುದು ಒಂದೇ ಒಂದು ‘ರ್’. ನಮ್ಮ ಗುಡ್ಡದಲ್ಲಿ ಸಿಗ್ನಲ್ಲು ಮಾತಿನ ಬಾಲವನ್ನು ನುಂಗುವುದು ಮಾಮೂಲು, ನುಂಗಿದ್ದನ್ನು ನಾವೇ ತುಂಬಿಕೊಳ್ಳುವುದೂ ಮಾಮೂಲು. ಅಧಿಕಾರಿ ಹೇಳದ ಆ ‘ರ್’ ಅನ್ನು ನಾನು ಕೈಯಿಂದ ಹಾಕಿ ಕೇಳಿಸಿಕೊಂಡೆ. ಟೀಯನ್ನು ತೇನೀರ್ ಎನ್ನುವ ಇನ್ನೊಬ್ಬ ಸುಸಂಸ್ಕೃತ ವ್ಯಕ್ತಿ ಈ ಜಿಲ್ಲೆಯಲ್ಲಿದ್ದಾನಲ್ಲ ಎಂದು ಮನಸ್ಸು ತುಂಬಿ ಬಂತು!

ಮುಂದಿನ ಸಂಭಾಷಣೆಯನ್ನು ಕನ್ನಡದಲ್ಲೇ ಕೊಡುತ್ತೇನೆ. ತಮಿಳಿನಲ್ಲಿ ನನ್ನ ಭಾಗ ಇನ್ನೂ ಘನವಾಗಿತ್ತು.

“ಎಲ್ಲಿ ಇಡುತ್ತೀರಿ?” ಎಂದರು.

“ಮನೆಯ ಹಾಲಿನಲ್ಲಿ. ಟಿವಿ ಪಕ್ಕ.”

“ಟಿವಿ ಪಕ್ಕ?” ಎಂದು ಇನ್ನೊಮ್ಮೆ ಕೇಳಿದರು. “ಹೊರಗೆ, ಮರದ ನೆರಳಿನಲ್ಲಿ ಇಟ್ಟರೆ ಒಳ್ಳೆಯದಲ್ಲವೇ?”

“ಹೊರಗಿಟ್ಟರೆ ಮಂಜು ತಗುಲಿ ಪರಿಮಳ ಹೋಗುತ್ತದೆ” ಎಂದು ಅವರಿಗೆ ತಿಳಿಹೇಳಿದೆ.

“ನಿಮ್ಮಿಷ್ಟ. ಮುಚ್ಚಳ ತೆಗೆಯುವಾಗ ಮುಖ ಮುಚ್ಚಿಕೊಳ್ಳಿ.”

“ಗೊತ್ತು ಸ್ವಾಮಿ, ಹುಟ್ಟಿದಾಗಿನಿಂದ ಅದರಲ್ಲೇ ಇದ್ದೇನೆ” ಎಂದೆ. ಟೀಪುಡಿಯ ಧೂಳು ಮೂಗಿಗೆ ಹೋದರೆ ಎಷ್ಟು ಸೀನು ಬರುತ್ತದೆ ಎಂದು ಫ್ಯಾಕ್ಟರಿ ಕಂಡ ಯಾರಿಗೆ ಗೊತ್ತಿಲ್ಲ?

ಮರುದಿನ ಬೆಳಿಗ್ಗೆ ಜೀಪು ಬಂತು. ಗಿರಿಜೆ ಹಿತ್ತಿಲಿನಲ್ಲಿ ಬಳ್ಳಿಗೆ ಸಗಣಿ ನೀರು ಹಾಕುತ್ತಿದ್ದಳು. ಡ್ರೈವರು ಪಂದಲೂರು ಕಡೆಯವನು, ಮಲಯಾಳಿ. ಮರದ ಪೆಟ್ಟಿಗೆಯೊಂದನ್ನು ಮಗುವಿನ ಹಾಗೆ ಎತ್ತಿ ತಂದು ಹಾಲಿನಲ್ಲಿಟ್ಟು, “ಸಾರೇ, ತೇನೀಚ್ಚ ಆಣ್. ಸೂಕ್ಷಿಚ್ಚೋ” ಎಂದ. ನನಗೆ ಮಲಯಾಳ ಅಷ್ಟಕ್ಕಷ್ಟೆ. ಈಚ್ಚ ಎಂದರೆ ನೊಣ, ಸೂಕ್ಷಿಚ್ಚೋ ಎಂದರೆ ಜೋಪಾನ ಎಂದು ಮಾತ್ರ ಗೊತ್ತಿತ್ತು. “ಒಂದು ನೊಣವೂ ಕೂರದ ಹಾಗೆ ನೋಡ್ಕೋತೀವಪ್ಪಾ” ಎಂದು ಭರವಸೆ ಕೊಟ್ಟೆ. ಅವನು ನನ್ನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿ, ಬೇಗ ಬೇಗ ಹೊರಟುಹೋದ.

ಕಾರ್ಯದರ್ಶಿಯಾದವನು ಪೆಟ್ಟಿಗೆಯನ್ನು ಸುಮ್ಮನೆ ತೆರೆಯಲಾಗುತ್ತದೆಯೇ? ಭೋಜಣ್ಣನನ್ನು ಕರೆದೆ. ಸದಸ್ಯರ ಪರವಾಗಿ ಅವನೊಬ್ಬನೇ ಸಾಕು. ಅವನು ಪೆಟ್ಟಿಗೆಗೆ ಕಿವಿಯಿಟ್ಟ.

“ಅಣ್ಣಾ, ಒಳಗ ಏನೋ ಗುಂಯ್ ಎಂದದೆ?”

“ಫ್ರಿಜ್ಜು ಗುಂಯ್ ಅನ್ನಲ್ವಾ? ಹಾಗೇ. ತೇವ ಹಿಡೀಬಾರದು ಅಂತ ಒಳಗೆ ಫ್ಯಾನು ಇಟ್ಟಿರ್ತಾರೆ.”

“ಕರೆಂಟು ಇಲ್ಲೆ?”

“ಬ್ಯಾಟರಿ!”

“ಈ ತೂತು ಏಕ? ಬಟ್ಟೆ ಬೇರೆ ತುರುಕಿದ್ದಾರೆ.”

“ಗಾಳಿಯಾಡೋಕೆ” ಎಂದೆ. ಗಾಳಿಯಾಡದ ಪೆಟ್ಟಿಗೆಯನ್ನು ಕೇಳಿದ್ದವನು ನಾನೇ ಎಂಬುದು ಆ ಕ್ಷಣ ನನಗೂ ಮರೆತಿತ್ತು. ಟವೆಲಿನಿಂದ ಮೂಗು, ಬಾಯಿ ಕಟ್ಟಿಕೊಂಡೆ. “ಇಂದು ನಮ್ಮ ಸಂಘದ ಇತಿಹಾಸದಲ್ಲಿ...” ಎಂದು ಆರಂಭಿಸಿ ಮುಚ್ಚಳ ಎತ್ತಿದೆ. ಒಳಗೆ ಮರದ ಚೌಕಟ್ಟುಗಳು ಸಾಲಾಗಿ ನಿಂತಿದ್ದವು. ಒಂದನ್ನು ಹಿಡಿದು ಮೇಲಕ್ಕೆಳೆದೆ. ಅದರ ತುಂಬ ಕಂದು ಬಣ್ಣದ ಒಳ್ಳೆಯ ಟೀಪುಡಿ.

ಟೀಪುಡಿ ನಡೆಯತೊಡಗಿತು!

ಭೋಜಣ್ಣನಿಗೆ ಮೊಣಕಾಲು ನೋವು, ಬಸ್ಸು ಹತ್ತಲೂ ಕೈ ಹಿಡಿಯಬೇಕು. ಅಂದು ಅವನು ನಮ್ಮ ಬೇಲಿಯನ್ನು ಮುಟ್ಟದೆ ದಾಟಿದ. ನಾನು ಚೌಕಟ್ಟನ್ನು ಕೈಬಿಟ್ಟೆ. ಬೀಳುವಾಗ ಅದು ಪೆಟ್ಟಿಗೆಯನ್ನೂ ಉರುಳಿಸಿತು. ಟವೆಲು ಮುಚ್ಚದೆ ಉಳಿಸಿದ್ದ ಜಾಗಗಳನ್ನೆಲ್ಲ ಹುಳಗಳು ಹುಡುಕಿ ಹುಡುಕಿ ಕಚ್ಚಿದವು. ಆಮೇಲೆ ಟವೆಲಿನ ಒಳಗೂ ಹೋಗಿ ಮೂಗಿಗೆ ನ್ಯಾಯ ಒದಗಿಸಿದವು.

ಗದ್ದಲ ಕೇಳಿ ಗಿರಿಜೆ ಬಾಗಿಲಿಗೆ ಬಂದಳು. “ಅಯ್ಯೋ ನನ್ನ ಜೇನು! ಮುಚ್ಚಳ ತೆಗೆದಿದ್ದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮೂಗು ಮುಟ್ಟಿಕೊಂಡೆ. ಅದು ನನ್ನದೆಂದು ನಂಬುವುದು ಕಷ್ಟವಾಗಿತ್ತು.

“ತೇನೀ ಅಂದ್ರೆ ಜೇನುಹುಳ ಕಣ್ರೀ! ಗೂಡಲೂರಲ್ಲಿ ಅಂಗನವಾಡಿ ಮಗೂನ ಕೇಳಿದ್ರೂ ಹೇಳುತ್ತೆ. ಏನೂ ಮಾಡ್ಬೇಡಿ. ಪೆಟ್ಟಿಗೆ ನೆಟ್ಟಗೆ ಮಾಡಿ, ಕಿಟಕಿ ಮುಚ್ಚಿ, ಕತ್ತಲೆ ಮಾಡಿ ಸುಮ್ನೆ ಬನ್ನಿ. ರಾಣಿ ಒಳಗಿದ್ರೆ ಎಲ್ಲಾ ವಾಪಸ್ ಸೇರ್ಕೋತವೆ.”

ಅಷ್ಟು ಮಾಡಿದ್ದರೆ ಈ ಬರಹಕ್ಕೆ ಇಲ್ಲೇ ಮುಗಿಯುವ ಭಾಗ್ಯವಿತ್ತು. ಆದರೆ ತಪ್ಪು ಮಾಡಿದ ಗಂಡಸಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಹೊಗೆ ಹಾಕಿದರೆ ಜೇನು ಶಾಂತವಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಎಷ್ಟು ಹೊಗೆ ಎಂದು ಕೇಳಿರಲಿಲ್ಲ. ಕಬ್ಬಿಣದ ಬಕೆಟ್ಟಿಗೆ ನೀಲಗಿರಿ ಸೊಪ್ಪು ತುಂಬಿ, ಸೀಮೆಎಣ್ಣೆ ಸುರಿದು, ಹಾಲಿನ ನಡುವೆ ಹೊತ್ತಿಸಿದೆ. ರಾಣಿ ಹೋದಳು, ಅವಳ ಹಿಂದೆ ಪ್ರಜೆಗಳೆಲ್ಲ ಹೋದರು, ಕೆಮ್ಮುತ್ತ ಗಿರಿಜೆಯೂ ಹೋದಳು. ಟಿವಿ ಮಾತ್ರ ಹೋಗಲಾರದೆ ಅಲ್ಲೇ ಕಪ್ಪಾಯಿತು.

ಜೇನು ಸಿಲ್ವರ್ ಓಕ್ ಮರದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಭೋಜಣ್ಣನ ಹಳೇ ಮನೆಯ ಮಣ್ಣುಗೋಡೆಯ ಬಿರುಕಿಗೆ ಒಕ್ಕಲಾಯಿತು. ಓಡಿಹೋದವನ ಮನೆಗೇ ಭಾಗ್ಯ!

ಹೊಗೆ ಹಾಕಿದ ರಾತ್ರಿ ಗಿರಿಜೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೀಜದ ಖಾಲಿ ಡಬ್ಬಿಯನ್ನು ತೊಳೆದು ಕವುಚಿಟ್ಟಳು. ನನಗೆ ನಿಜವಾಗಿ ಬೇಜಾರಾಯಿತು. ಬೆಳಿಗ್ಗೆ ಎದ್ದವನೇ ಘೋಷಿಸಿದೆ: “ಇನ್ನು ಮೇಲೆ ಜೇನಿನ ಕೆಲಸ ನಾನೇ ಮಾಡ್ತೀನಿ!” ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿದರೆ ಕಾಯಿ ಕಚ್ಚುತ್ತದೆ, ಅಷ್ಟೆ ತಾನೆ? ಒಂದು ಹುಳಕ್ಕೆ ಬರುವ ಕೆಲಸ ಒಬ್ಬ ಕಾರ್ಯದರ್ಶಿಗೆ ಬಾರದೇ?

ಅಂದಿನಿಂದ ದಿನಾ ಬೆಳಿಗ್ಗೆ ಮಂಜಿನಲ್ಲಿ ಮಂಕಿಟೋಪಿ ಹಾಕಿಕೊಂಡು, ಒಂದು ಹೂ ಕಿತ್ತು, ಬಳ್ಳಿಯ ಹೂಗಳಿಗೆಲ್ಲ ಶ್ರದ್ಧೆಯಿಂದ ಮುಟ್ಟಿಸಿದೆ. ಸೊಂಟ ಹಿಡಿಯಿತು. ಹೂಗಳು ಮಾತ್ರ ಯಥಾಪ್ರಕಾರ ಉದುರಿದವು. ಈ ಕೆಲಸವನ್ನು ಸಂಬಳ, ರಜೆ, ಸೊಂಟ ಯಾವುದೂ ಇಲ್ಲದ ಹುಳಗಳು ಜಗತ್ತಿಗೆಲ್ಲ ಮಾಡಿ ಹಾಕುತ್ತವಲ್ಲ ಎಂದು ನನಗೆ ಮೊದಲ ಬಾರಿಗೆ ಗೌರವ ಹುಟ್ಟಿತು. ಮೂಗು ಇಳಿದ ಮೇಲೆ ಹುಟ್ಟಿದ ಗೌರವ ಅದು.

ಒಂದು ದಿನ ಗಿರಿಜೆ ನನ್ನ ಹಿಂದೆ ಬಂದು ನಿಂತು ಸುಮಾರು ಹೊತ್ತು ನೋಡಿದಳು.

“ಏನ್ರೀ ಮಾಡ್ತಿದೀರ?”

“ಕಾಣಲ್ವಾ? ಪರಾಗ ಮುಟ್ಟಿಸ್ತಿದೀನಿ.”

“ನಿಮ್ಮ ಕೈಯಲ್ಲಿರೋದು ಗಂಡು ಹೂ.”

“ಗೊತ್ತು!”

“ನೀವು ಮುಟ್ಟಿಸ್ತಿರೋದೂ ಗಂಡು ಹೂ. ಎಲ್ಲಾನೂ ಗಂಡು ಹೂವೇ. ಹೆಣ್ಣು ಹೂವಿಗೆ ಬುಡದಲ್ಲಿ ಪುಟ್ಟ ಮಿಡಿ ಇರುತ್ತೆ. ಅಗೋ, ನಿಮ್ಮ ಮೊಣಕೈ ಹತ್ರ ಇದೆ ನೋಡಿ, ಅದು.”

ಇಷ್ಟು ದಿನ ನಾನು ಬೆಳಗಿನ ಚಳಿಯಲ್ಲಿ ಗಂಡಸರಿಗೆ ಗಂಡಸರ ಪರಿಚಯ ಮಾಡಿಸುತ್ತಿದ್ದೆ! ಕೈಯಲ್ಲಿದ್ದ ಹೂವನ್ನೇ ತಿರುಗಿಸಿ ನೋಡುತ್ತಿದ್ದಾಗ ಭೋಜಣ್ಣನ ಬೇಲಿಯ ಕಡೆಯಿಂದ ಒಂದು ಹುಳ ಗುಂಯ್ ಎನ್ನುತ್ತ ಬಂತು. ಗಂಡು ಹೂವೊಂದರಲ್ಲಿ ಹೊರಳಾಡಿ, ಮೈತುಂಬ ಹಳದಿ ಬಳಿದುಕೊಂಡು, ನೇರವಾಗಿ ಆ ಹೆಣ್ಣು ಹೂವಿನ ಸುತ್ತ ಸುತ್ತತೊಡಗಿತು. ನನ್ನ ಮೊಣಕೈ ಅದಕ್ಕೆ ಅಡ್ಡವಿತ್ತು.

ಗಿರಿಜೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

“ಸ್ವಲ್ಪ ಸರೀರಿ” ಎಂದಳು. “ಕೆಲಸ ಗೊತ್ತಿರೋರು ಬಂದಿದಾರೆ.”

ನಾನು ಸರಿದು ನಿಂತೆ.